ಏಳು ದಿನವೋ ಮೂವತ್ತು ದಿನವೋ: ಸರ್ವೆಯ ಲೆಕ್ಕ ಎಲ್ಲಿ ತಪ್ಪುತ್ತದೆ

ಕಳೆದ ಮೂವತ್ತು ದಿನಗಳಲ್ಲಿ ನಿಮ್ಮ ಮನೆಯಲ್ಲಿ ಎಷ್ಟು ಅಡುಗೆ ಎಣ್ಣೆ ಖರ್ಚಾಯಿತು? ಡಬ್ಬ ನೋಡದೆ, ಬಿಲ್ ಹುಡುಕದೆ ಹೇಳಿ.

ಇದನ್ನು ನಮ್ಮಮ್ಮನಿಗೆ ಕೇಳಿದೆ. "ಮೂರು ಲೀಟರ್ ಕಣೋ, ತಿಂಗಳ ಸಾಮಾನಲ್ಲಿ ಮೂರು ಪ್ಯಾಕೆಟ್ ತರಿಸ್ತೀವಲ್ಲ" ಅಂದಳು. ಅರ್ಧ ಗಂಟೆ ಬಿಟ್ಟು ಬೇರೆ ಥರ ಕೇಳಿದೆ. ಹೋದ ಏಳು ದಿನದಲ್ಲಿ ಎಷ್ಟಾಯ್ತು? "ಒಂದು ಲೀಟರ್ ಹತ್ರ ಆಗಿರುತ್ತೆ. ನಿಮ್ಮ ಚಿಕ್ಕಮ್ಮ ಬಂದಿದ್ಲು, ಬೋಂಡ ಮಾಡಿದ್ದೆ." ಏಳು ದಿನಕ್ಕೆ ಒಂದು ಲೀಟರ್ ಅಂದರೆ ಮೂವತ್ತು ದಿನಕ್ಕೆ 4.3 ಲೀಟರ್. ಅದೇ ಮನೆ, ಅದೇ ಬಾಣಲೆ. ಲೆಕ್ಕದಲ್ಲಿ ಮಾತ್ರ ಶೇ 43ರಷ್ಟು ಜಾಸ್ತಿ.

ಅಮ್ಮ ಸುಳ್ಳು ಹೇಳಲಿಲ್ಲ. ಮೊದಲ ಸಲ ಅವಳು ಹೇಳಿದ್ದು ಅಂಗಡಿಯ ರೂಢಿಯನ್ನು. ಎರಡನೆಯ ಸಲ ಹೇಳಿದ್ದು ಬೋಂಡದ ದಿನವನ್ನು. ಇಂಥ ಉತ್ತರಗಳನ್ನೇ ಲಕ್ಷಗಟ್ಟಲೆ ಮನೆಗಳಿಂದ ಕೂಡಿಸಿ ದೇಶದಲ್ಲಿ ಬಡವರು ಎಷ್ಟು ಎಂದು ಲೆಕ್ಕ ಹಾಕುತ್ತಾರೆ. ಮೂವತ್ತು ದಿನ ಕೇಳಬೇಕೋ ಏಳು ದಿನ ಕೇಳಬೇಕೋ ಎಂಬ ಇಷ್ಟು ಸಣ್ಣ ವಿಷಯಕ್ಕೆ ಭಾರತದಲ್ಲಿ ಹತ್ತಾರು ವರ್ಷ ಜಗಳ ನಡೆದಿದೆ. ಆ ಜಗಳ ಅರ್ಥವಾದರೆ ಅಳತೆಯ ತಪ್ಪಿನ ಬಗ್ಗೆ ಸಂಖ್ಯಾಶಾಸ್ತ್ರ ಏನು ಹೇಳುತ್ತದೆ ಅನ್ನುವುದೂ ಮುಕ್ಕಾಲು ಪಾಲು ಅರ್ಥವಾದ ಹಾಗೆ.

ಸರ್ವೆಯಲ್ಲಿ ತಪ್ಪು ಎರಡು ದಾರಿಯಲ್ಲಿ ಬರುತ್ತದೆ. ಎಲ್ಲ ಮನೆಗೂ ಹೋಗದೆ ಕೆಲವು ಮನೆಗೆ ಮಾತ್ರ ಹೋಗುತ್ತೇವಲ್ಲ, ಅದರಿಂದ ಬರುವುದು ಸ್ಯಾಂಪಲ್‌ನ ತಪ್ಪು. ಇದಕ್ಕೆ ಮದ್ದು ಗೊತ್ತಿದೆ. ನಾಲ್ಕು ಪಟ್ಟು ಮನೆಗಳಿಗೆ ಹೋದರೆ ಈ ತಪ್ಪು ಅರ್ಧಕ್ಕೆ ಇಳಿಯುತ್ತದೆ. ಇನ್ನೊಂದು ಅಳತೆಯ ತಪ್ಪು. ಹೋದ ಮನೆಯಲ್ಲೇ ಉತ್ತರ ಸರಿಯಾಗಿ ಸಿಗದಿರುವುದು. ಇದಕ್ಕೆ ಆ ಮದ್ದು ನಾಟುವುದಿಲ್ಲ. ತಕ್ಕಡಿಯ ತಟ್ಟೆಯ ಕೆಳಗೆ ಹುಣಸೆಹಣ್ಣು ಅಂಟಿಸಿದ್ದರೆ ಸಾವಿರ ಸಲ ತೂಗಿದರೂ ಅಷ್ಟೇ. ಸಾವಿರ ಸಲವೂ ಅದೇ ತಪ್ಪು ತೂಕ, ಅದೂ ತುಂಬಾ ಖಚಿತವಾಗಿ! ಪತ್ರಿಕೆಗಳಲ್ಲಿ "ಇಷ್ಟು ಲಕ್ಷ ಮನೆಗಳ ಬೃಹತ್ ಸರ್ವೆ" ಅಂತ ಓದಿದಾಗ ನನಗೆ ಮೊದಲು ನೆನಪಾಗುವುದು ಆ ಹುಣಸೆಹಣ್ಣು.

ಇದನ್ನು ಬಹಳ ಬೇಗ ಗುರುತಿಸಿದವರು ಪ್ರಶಾಂತ ಚಂದ್ರ ಮಹಲನೋಬಿಸ್. 1931ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಕಟ್ಟಿದವರು. ಬಂಗಾಳದ ಸೆಣಬಿನ ಬೆಳೆಯ ಅಂದಾಜು ಮಾಡುವ ಕಾಲಕ್ಕೇ ಅವರು ಒಂದು ಉಪಾಯ ಮಾಡಿದ್ದರು. ಒಂದೇ ಪ್ರದೇಶದಲ್ಲಿ ಎರಡು ಬೇರೆ ಬೇರೆ ಸ್ಯಾಂಪಲ್ ಆರಿಸಿ ಎರಡು ತಂಡಗಳಿಗೆ ಕೊಡುವುದು. ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಗೊತ್ತಾಗಬಾರದು. ಕೊನೆಗೆ ಎರಡೂ ಅಂಕಿಗಳನ್ನು ಪಕ್ಕಪಕ್ಕ ಇಡುವುದು. ಆಕಸ್ಮಿಕವಾಗಿ ಬರಬಹುದಾದ ವ್ಯತ್ಯಾಸಕ್ಕಿಂತ ಜಾಸ್ತಿ ದೂರ ಇದ್ದರೆ ತಪ್ಪು ಹೊಲದಲ್ಲಿಲ್ಲ, ಅಳೆದವರಲ್ಲಿದೆ ಎಂದು ತಿಳಿಯಬಹುದು. 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ, ಅಂದರೆ ಎನ್‌ಎಸ್‌ಎಸ್, ಶುರುವಾದಾಗ ಈ ಜಾಣತನವೂ ಅದರ ಜೊತೆಗೆ ಬಂತು. ಎನ್‌ಎಸ್‌ಎಸ್ ಸುತ್ತುಗಳಲ್ಲಿ (ಅದರ ಒಂದೊಂದು ಸರ್ವೆಗೂ ಸುತ್ತು ಎನ್ನುತ್ತಾರೆ) ಕೇಂದ್ರದ ಸ್ಯಾಂಪಲ್ ಒಂದಿದ್ದರೆ ರಾಜ್ಯಗಳವರ ಸ್ಯಾಂಪಲ್ ಇನ್ನೊಂದಿರುತ್ತದೆ. ನಮ್ಮಲ್ಲಿ ಅದು ಕರ್ನಾಟಕದ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯದ ಕೆಲಸ.

ಆದರೆ ಈ ಉಪಾಯಕ್ಕೂ ಒಂದು ಮಿತಿ ಇದೆ. ಎರಡೂ ತಂಡದ ಕೈಯಲ್ಲಿ ಒಂದೇ ಪ್ರಶ್ನೆ ಇದ್ದು, ಆ ಪ್ರಶ್ನೆಯೇ ಸೊಟ್ಟಗಿದ್ದರೆ? ಎರಡೂ ಅಂಕಿ ಚೆನ್ನಾಗಿ ಹೊಂದುತ್ತವೆ. ಎರಡೂ ತಪ್ಪಾಗಿರುತ್ತವೆ.

ಹಾಗಾಗಿ ಪ್ರಶ್ನೆಯನ್ನೇ ಪರೀಕ್ಷೆ ಮಾಡಬೇಕಾಯಿತು. 1950ರ ದಶಕದ ಆರಂಭದಲ್ಲಿ ಮಹಲನೋಬಿಸ್ ಅವರ ಬಳಗ ಕೆಲವು ಮನೆಗಳಲ್ಲಿ ಧಾನ್ಯವನ್ನು ನಿಜವಾಗಿ ತೂಗಿ, ಅದನ್ನು ವಾರದ ನೆನಪಿನ ಜೊತೆಗೂ ತಿಂಗಳ ನೆನಪಿನ ಜೊತೆಗೂ ಹೋಲಿಸಿತು. ತಿಂಗಳ ನೆನಪೇ ತೂಕಕ್ಕೆ ಹತ್ತಿರ ಬಂತು. ಅಲ್ಲಿಂದ ಮುಂದೆ ದಶಕಗಳ ಕಾಲ ಎನ್‌ಎಸ್‌ಎಸ್ ಮನೆಖರ್ಚಿಗೆ ಮೂವತ್ತು ದಿನವನ್ನೇ ಹಿಡಿದುಕೊಂಡಿತು.

ವಾರದ ನೆನಪು ತಾಜಾ ಅಲ್ವಾ, ಅದೇ ಸರಿ ಇರಬೇಕಲ್ಲ ಅಂತ ಅನಿಸುತ್ತದೆ. ಅಷ್ಟು ಸುಲಭವಿಲ್ಲ. ತಿಂಗಳು ಕೇಳಿದರೆ ಜನ ಮರೆಯುತ್ತಾರೆ, ನಿಜ. ವಾರ ಕೇಳಿದರೆ ಬೇರೆ ತೊಂದರೆ. ಹತ್ತು ದಿನದ ಹಿಂದೆ ತಂದ ಕೋಳಿಯೂ "ಈ ವಾರವೇ ತಂದಿದ್ದು" ಎಂದು ಒಳಗೆ ನುಗ್ಗುತ್ತದೆ. ದೂರದ್ದು ಹತ್ತಿರ ಕಾಣುತ್ತದೆ ಎಂಬ ಕಾರಣಕ್ಕೆ ಇದನ್ನು ಟೆಲಿಸ್ಕೋಪಿಂಗ್ ಎನ್ನುತ್ತಾರೆ. ಅಮೆರಿಕದಲ್ಲಿ ನೀಟರ್ ಮತ್ತು ವಾಕ್ಸ್‌ಬರ್ಗ್ ಎಂಬ ಇಬ್ಬರು 1964ರಲ್ಲಿ ಮನೆ ರಿಪೇರಿ ಖರ್ಚಿನ ಉತ್ತರಗಳಲ್ಲಿ ಇದನ್ನು ತೋರಿಸಿದರು. ಅವರು ಕೊಟ್ಟ ಪರಿಹಾರ ಸರಳ. ಒಂದು ಸಲ ಹೋಗಿ ಕೇಳಿ ಬನ್ನಿ. ಮುಂದಿನ ಸಲ ಹೋದಾಗ "ನಾನು ಹೋದ ಸಲ ಬಂದಮೇಲೆ" ಎಂದು ಕೇಳಿ, ಮೊದಲೇ ಹೇಳಿದ ಖರ್ಚು ಮತ್ತೆ ನುಗ್ಗಿದೆಯಾ ಎಂದೂ ನೋಡಿ. ಆಗ ನೆನಪಿಗೆ ಒಂದು ಗಡಿಕಲ್ಲು ಸಿಗುತ್ತದೆ. ಆದರೆ ಎರಡೆರಡು ಸಲ ಹೋಗುವುದು ದುಬಾರಿ.

1994ರಿಂದ 1998ರ ನಡುವೆ ಎನ್‌ಎಸ್‌ಎಸ್‌ನ 51ರಿಂದ 54ನೇ ಸುತ್ತುಗಳಲ್ಲಿ ಒಂದು ಸೊಗಸಾದ ಪ್ರಯೋಗ ನಡೆಯಿತು. ಚೀಟಿ ಎತ್ತಿದ ಹಾಗೆ ಮನೆಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಲ್ಲದಕ್ಕೂ ಹಳೆಯ ಮೂವತ್ತು ದಿನದ ಪ್ರಶ್ನೆ. ಇನ್ನೊಂದಕ್ಕೆ ಆಹಾರ, ಎಲೆಅಡಿಕೆ, ತಂಬಾಕಿನಂಥವಕ್ಕೆ ಏಳು ದಿನ, ಬಟ್ಟೆ, ಚಪ್ಪಲಿ, ಶಾಲೆ ಫೀಸಿನಂಥವಕ್ಕೆ 365 ದಿನ, ಉಳಿದದ್ದಕ್ಕೆ ಮೂವತ್ತು ದಿನ. ಏಳು ದಿನದ ಪ್ರಶ್ನೆಯಿಂದ ಆಹಾರದ ಖರ್ಚು ಸುಮಾರು ಶೇ 30ರಷ್ಟು ಮೇಲೇರಿತು. ಒಟ್ಟು ಖರ್ಚು ಶೇ 17ರಷ್ಟು ಏರಿತು. ಶೇ 17 ಏನು ಮಹಾ ಅನ್ನಬೇಡಿ. ನಮ್ಮ ದೇಶದಲ್ಲಿ ಬಡತನ ರೇಖೆಯ, ಅಂದರೆ ಇದಕ್ಕಿಂತ ಕಡಿಮೆ ಖರ್ಚಿನವರನ್ನು ಬಡವರೆಂದು ಎಣಿಸುವ ಗೆರೆಯ, ಆಸುಪಾಸಿನಲ್ಲೇ ಜನ ಕಿಕ್ಕಿರಿದಿದ್ದರು. ಅಷ್ಟು ಏರಿಕೆಗೇ ಬಡವರ ಪ್ರಮಾಣ ಅರ್ಧಕ್ಕೆ ಇಳಿಯಿತು. ಸುಮಾರು 20 ಕೋಟಿ ಜನ ಕಾಗದದ ಮೇಲೆ ಬಡತನದಿಂದ ಹೊರಬಂದರು. ಯಾರ ತಟ್ಟೆಗೂ ಒಂದು ತುತ್ತು ಜಾಸ್ತಿ ಬಿದ್ದಿರಲಿಲ್ಲ.

ನಂತರ ಬಂದದ್ದು 1999-2000ದ 55ನೇ ಸುತ್ತು. ದೊಡ್ಡ ಸರ್ವೆ. ಬಡತನದ ಅಧಿಕೃತ ಅಂಕಿ ಇದರಿಂದಲೇ ಹೊರಡಬೇಕು. ಏಳು ದಿನದ ಪಕ್ಷ, ಮೂವತ್ತು ದಿನದ ಪಕ್ಷ ಎರಡನ್ನೂ ಸಮಾಧಾನ ಮಾಡುವಂತೆ, ಆಹಾರಕ್ಕೆ ಎರಡೂ ಅವಧಿಯ ಪ್ರಶ್ನೆಯನ್ನು ಒಂದೇ ಮನೆಗೆ, ಒಂದೇ ಹಾಳೆಯಲ್ಲಿ ಪಕ್ಕಪಕ್ಕದ ಕಾಲಂಗಳಲ್ಲಿ ಕೇಳಿದರು. ನನ್ನ ಪ್ರಕಾರ ಇದು ಸರ್ವೆ ಇತಿಹಾಸದ ಅತಿ ದುಬಾರಿ ರಾಜಿ. ಏಳು ದಿನಕ್ಕೆ "ಒಂದು ಲೀಟರ್" ಎಂದು ಬರೆಸಿದ ಮೇಲೆ ತಿಂಗಳಿಗೆ "ಮೂರು" ಎಂದು ಹೇಳಲು ಯಾರಿಗಾದರೂ ಮುಜುಗರವೇ. ಉತ್ತರ ಕೊಡುವವರು ನಾಲ್ಕು ಅನ್ನುತ್ತಾರೆ. ಅವರು ಅನ್ನದಿದ್ದರೆ ಬರೆದುಕೊಳ್ಳುವವರೇ ತಿರುಗಿ ಕೇಳುತ್ತಾರೆ. ಹಿಂದಿನ ಪ್ರಯೋಗದಲ್ಲಿ ಅಷ್ಟು ದೊಡ್ಡದಾಗಿ ಕಂಡಿದ್ದ ಅಂತರ ಇಲ್ಲಿ ಹೆಚ್ಚುಕಮ್ಮಿ ಮಾಯವಾಯಿತು. ಮೂವತ್ತು ದಿನದ ಉತ್ತರಗಳಿಗೆ ಏಳು ದಿನದ ಗಾಳಿ ಸೋಕಿತ್ತು.

ಅಧಿಕೃತವಾಗಿ ಬಡತನ ಹಿಂದಿನ ದೊಡ್ಡ ಸರ್ವೆ ನಡೆದ 1993-94ರ ಶೇ 36ರಿಂದ 1999-2000ದಲ್ಲಿ ಶೇ 26.1ಕ್ಕೆ ಇಳಿಯಿತು. ಅದರಲ್ಲಿ ಎಷ್ಟು ಭಾಗ ಜನರ ಬದುಕಿನದು, ಎಷ್ಟು ಭಾಗ ಹಾಳೆಯ ಕಾಲಂಗಳದು? ಜಗಳ ಶುರುವಾದದ್ದೇ ಇಲ್ಲಿ.

ಈ ಜಗಳ ಹೇಗೆ ಬಗೆಹರಿಯಿತು ಎಂದು ನೋಡುವ ಮುಂಚೆ ಸ್ವಲ್ಪ ಅಡ್ಡದಾರಿ ಹಿಡಿಯೋಣ. ಮೇಲೆ ನೋಡಿದ್ದು ಎಲ್ಲರನ್ನೂ ಒಂದೇ ಕಡೆಗೆ ತಳ್ಳುವ ತಪ್ಪು. ಇನ್ನೊಂದು ಥರದ್ದೂ ಇದೆ. ಕೆಲವರು ಜಾಸ್ತಿ ಹೇಳುತ್ತಾರೆ, ಕೆಲವರು ಕಮ್ಮಿ ಹೇಳುತ್ತಾರೆ, ಸರಾಸರಿಯಲ್ಲಿ ಸರಿಹೋಗುತ್ತದೆ. ಇದು ನಿರುಪದ್ರವಿ ಎಂದು ಕಾಣುತ್ತದೆ. ಸರಾಸರಿ ಒಂದೇ ಬೇಕಿದ್ದರೆ ನಿಜಕ್ಕೂ ನಿರುಪದ್ರವಿ. ಆದರೆ ಎರಡು ವಿಷಯಗಳ ನಡುವಿನ ನಂಟನ್ನು ಅಳೆಯಲು ಹೋದರೆ ಕಾಟ ಕೊಡುತ್ತದೆ.

ಒಂದು ಲೆಕ್ಕ ಮಾಡೋಣ. ಅಂಕಿಗಳು ಸುಮ್ನೆ ಉದಾಹರಣೆಗೆ. ಆದಾಯ 100 ರೂಪಾಯಿ ಹೆಚ್ಚಾದರೆ ಆಹಾರದ ಖರ್ಚು 50 ರೂಪಾಯಿ ಹೆಚ್ಚುತ್ತದೆ ಎಂದಿಟ್ಟುಕೊಳ್ಳಿ. ಜನ ಹೇಳುವ ಆದಾಯದಲ್ಲಿ ಮನೆಯಿಂದ ಮನೆಗೆ ಕಾಣುವ ಏರುಪೇರಿನಲ್ಲಿ 100ಕ್ಕೆ 80 ಭಾಗ ನಿಜ, 20 ಭಾಗ ತಪ್ಪು ಉತ್ತರದ್ದು. (ಇಲ್ಲಿ ಏರುಪೇರು ಅಂದರೆ ಸಂಖ್ಯಾಶಾಸ್ತ್ರದವರು ಹೇಳುವ ವೇರಿಯನ್ಸ್.) ಪಟ್ಟಿಯ ಮೇಲ್ತುದಿಯಲ್ಲಿ ಯಾರಿರುತ್ತಾರೆ? ನಿಜವಾದ ಶ್ರೀಮಂತರು ಇರುತ್ತಾರೆ. ಅವರ ಜೊತೆಗೆ ತಪ್ಪಾಗಿ ಜಾಸ್ತಿ ಹೇಳಿ ಮೇಲೆ ಬಂದ ಮಧ್ಯಮದವರೂ ಇರುತ್ತಾರೆ. ಇವರು ಊಟ ಮಾಡುವುದು ಮಧ್ಯಮದವರ ಹಾಗೆಯೇ. ಕೆಳತುದಿಯಲ್ಲೂ ಹೀಗೇ ಕಲಬೆರಕೆ. ಹಾಗಾಗಿ ಆದಾಯ ಏರಿದರೂ ಊಟದ ಖರ್ಚು ಅಷ್ಟಾಗಿ ಏರಿದಂತೆ ಕಾಣುವುದಿಲ್ಲ. 50ರ ಬದಲು 40 ಎಂದು ಕಾಣುತ್ತದೆ. ನಿಜದ ಪಾಲು 0.8, ಅದರಿಂದ 50ನ್ನು ಗುಣಿಸಿದರೆ 40. ಇಂಗ್ಲೆಂಡಿನ ಮನೋವಿಜ್ಞಾನಿ ಸ್ಪಿಯರ್‌ಮನ್ 1904ರಲ್ಲೇ ಇದನ್ನು ಗಮನಿಸಿ, ಸರಿಪಡಿಸುವ ಸೂತ್ರವನ್ನೂ ಕೊಟ್ಟಿದ್ದ.

ಅದೇ ಮನೆಗೆ ಎರಡು ವರ್ಷ ಹೋಗಿ, ಆದಾಯದ ಬದಲಾವಣೆಯನ್ನು ನೋಡಲು ಹೋದರೆ ಇನ್ನೂ ಕಷ್ಟ. ಮನೆಯ ನಿಜ ಆದಾಯ ಒಂದು ವರ್ಷದಲ್ಲಿ ಜಾಸ್ತಿ ಬದಲಾಗುವುದಿಲ್ಲ. ಹೋದ ವರ್ಷದ್ದಕ್ಕೂ ಈ ವರ್ಷದ್ದಕ್ಕೂ 0.9ರಷ್ಟು ನಂಟಿದೆ ಎನ್ನಿ (ಪೂರ್ತಿ ಹೊಂದಿದರೆ 1). ಒಂದರಿಂದ ಇನ್ನೊಂದನ್ನು ಕಳೆದಾಗ ನಿಜವಾದ ಏರುಪೇರು 16ಕ್ಕೆ ಕುಗ್ಗುತ್ತದೆ (ಎರಡು ವರ್ಷದ 80 ಸೇರಿ 160, ಅದರಲ್ಲಿ ಹೊಂದದೆ ಉಳಿಯುವ ಹತ್ತನೇ ಒಂದು ಭಾಗ). ತಪ್ಪು ಮಾತ್ರ ಎರಡು ಸಲದ್ದೂ ಸೇರಿ 40 ಆಗುತ್ತದೆ. ನಿಜದ ಪಾಲು 56ರಲ್ಲಿ 16, ಅಂದರೆ 0.29. ಐವತ್ತಿದ್ದದ್ದು ಹದಿನಾಲ್ಕೋ ಹದಿನೈದೋ ಎಂದು ಕಾಣುತ್ತದೆ. "ಬಡ ಕುಟುಂಬಗಳು ಪ್ರತಿವರ್ಷ ರೇಖೆಯ ಮೇಲೆ ಕೆಳಗೆ ಓಡಾಡುತ್ತಿವೆ" ಎಂಬಂಥ ವರದಿ ಓದಿದಾಗ, ಓಡಾಡುತ್ತಿರುವುದು ಕುಟುಂಬವೋ ಉತ್ತರವೋ ಎಂದು ಕೇಳಬೇಕು.

ಇದಕ್ಕೆ ಮದ್ದೇನು? ಒಂದು, ಒಂದೇ ವಿಷಯವನ್ನು ಬೇರೆ ಬೇರೆ ಸಲ ಕೇಳಿ, ಎರಡು ಉತ್ತರ ಎಷ್ಟು ಹೊಂದುತ್ತವೆ ನೋಡಿ ನಿಜದ ಪಾಲನ್ನು ಅಂದಾಜು ಮಾಡುವುದು. ಇನ್ನೊಂದು, ಹೊರಗಿನ ಸಾಕ್ಷಿಯನ್ನು ಕರೆಯುವುದು. ಆಹಾರದ ಖರ್ಚನ್ನು ಒಟ್ಟು ಖರ್ಚಿನ ಜೊತೆ ಹೋಲಿಸುವವರಿಗೆ ಇದು ಬೇಕೇ ಬೇಕು. ಯಾಕೆಂದರೆ ಅಮ್ಮ ಎಣ್ಣೆಗೆ 150 ರೂಪಾಯಿ ಜಾಸ್ತಿ ಹೇಳಿದರೆ ಆಹಾರದಲ್ಲೂ 150 ಏರುತ್ತದೆ, ಒಟ್ಟಿನಲ್ಲೂ 150 ಏರುತ್ತದೆ. ತಪ್ಪೇ ನಂಟಾಗಿ ಕಾಣುತ್ತದೆ. 1961ರಲ್ಲಿ ಲಿವಿಯಾಟನ್ ಎಂಬ ಅರ್ಥಶಾಸ್ತ್ರಜ್ಞ ಇಲ್ಲಿ ಆದಾಯವನ್ನು ಸಾಕ್ಷಿಯಾಗಿ ನಿಲ್ಲಿಸಿದ. ಆದಾಯದ ಉತ್ತರದಲ್ಲೂ ತಪ್ಪಿದೆ. ಆದರೆ ಅದು ಎಣ್ಣೆಯ ತಪ್ಪಿನ ಜೊತೆ ಕೈಜೋಡಿಸಿಲ್ಲ. ಸಾಕ್ಷಿ ಪೂರ್ತಿ ಸತ್ಯವಂತ ಆಗಬೇಕಿಲ್ಲ, ಆರೋಪಿಯ ಜೊತೆ ಮೊದಲೇ ಮಾತಾಡಿಕೊಂಡಿರದಿದ್ದರೆ ಸಾಕು.

ಎಲ್ಲ ತಪ್ಪೂ ಹೀಗೆ ಸೂತ್ರಕ್ಕೆ ಬಗ್ಗುವುದಿಲ್ಲ. ಬೌಂಡ್ ಮತ್ತು ಕ್ರೂಗರ್ ಎಂಬ ಅರ್ಥಶಾಸ್ತ್ರಜ್ಞರು 1991ರಲ್ಲಿ ಅಮೆರಿಕದ ಜನ ಹೇಳಿದ ಸಂಬಳವನ್ನು ಸರಕಾರಿ ಸೋಶಿಯಲ್ ಸೆಕ್ಯುರಿಟಿ (ಪಿಂಚಣಿ ವ್ಯವಸ್ಥೆ) ದಾಖಲೆಯ ಜೊತೆ ಜೋಡಿಸಿ ನೋಡಿದರು. ಗಂಡಸರ ಉತ್ತರಗಳಲ್ಲಿ ಕಡಿಮೆ ಸಂಬಳದವರು ಸ್ವಲ್ಪ ಏರಿಸಿ, ಹೆಚ್ಚು ಸಂಬಳದವರು ಸ್ವಲ್ಪ ಇಳಿಸಿ ಹೇಳುವ ಒಲವು ಕಂಡಿತು. ಎಲ್ಲರೂ ಮಧ್ಯಕ್ಕೆ ಸರಿಯುತ್ತಾರೆ. ಇಂಥ ಕಡೆ ಮೇಲಿನ ಸೂತ್ರ ಹಾಗೇ ಹಾಕಿದರೆ ಬೇಡದ ಮದ್ದು ಕೊಟ್ಟಂತೆ.

ಈಗ ಊಹೆಯ ವಿಷಯ. ಇಲ್ಲೊಂದು ವಿಚಿತ್ರ ಇದೆ. ಸಾಲ ಕೊಡುವವನೊಬ್ಬ ಹೊಸ ಗಿರಾಕಿಯ ಊಟದ ಖರ್ಚನ್ನು ಊಹಿಸಬೇಕು. ಅವನಿಗೆ ಸಿಗುವುದು ಗಿರಾಕಿ ಬಾಯಲ್ಲಿ ಹೇಳಿದ ಆದಾಯ ಮಾತ್ರ. ಅವನು 50 ಬಳಸಬೇಕೋ 40 ಬಳಸಬೇಕೋ? ನಲವತ್ತೇ ಸರಿ! ಬಾಯಿಮಾತಿನ ಆದಾಯದಲ್ಲಿ ಕಾಣುವ 100 ರೂಪಾಯಿಯಲ್ಲಿ 80 ಮಾತ್ರ ನಿಜ. ಆ ಕಡಿತ 40ರ ಒಳಗೆ ಆಗಲೇ ಸೇರಿದೆ. ತಪ್ಪನ್ನು "ಸರಿಪಡಿಸಿದ" 50ನ್ನು ಬಳಸಿದರೆ ಊಹೆ ಕೆಡುತ್ತದೆ. ಕಾರಣ ಹುಡುಕುವವನಿಗೆ ಬೇಕಾದದ್ದು 50, ಊಹಿಸುವವನಿಗೆ ಬೇಕಾದದ್ದು 40. ಸಂಖ್ಯಾಶಾಸ್ತ್ರ ಓದಿದವರೂ ಇಲ್ಲಿ ಎಡವುತ್ತಾರೆ.

ಆದರೆ ಒಂದು ಷರತ್ತಿದೆ. ನಾಳೆಯ ಅಳತೆಯೂ ಇವತ್ತಿನಂತೆಯೇ ತಪ್ಪಬೇಕು. ನಾಳೆಯಿಂದ ಅವನು ಬಾಯಿಮಾತಿನ ಬದಲು ಸಂಬಳದ ಚೀಟಿ ಕೇಳಲು ಶುರು ಮಾಡಿದರೆ ಹಳೆಯ 40 ಕೆಲಸಕ್ಕೆ ಬಾರದು. ಅಳತೆ ಸುಧಾರಿಸಿತು, ಊಹೆ ಕೆಟ್ಟಿತು.

55ನೇ ಸುತ್ತಿನಲ್ಲಿ ಆದದ್ದು ಇದೇ ಜಾತಿಯದು. ಹಳೆಯ ಪ್ರಶ್ನೆಯಲ್ಲಿ ತಪ್ಪು ಇರಲಿಲ್ಲ ಎಂದಲ್ಲ. ತಪ್ಪಿನ ಸ್ವಭಾವ ಎರಡು ಸರ್ವೆಗಳ ನಡುವೆ ಬದಲಾಯಿತು. ಅರ್ಥಶಾಸ್ತ್ರಜ್ಞ ಆಂಗಸ್ ಡೀಟನ್ ಇದಕ್ಕೆ ಕಂಡುಕೊಂಡ ದಾರಿ ನನಗೆ ಇವತ್ತಿಗೂ ಇಷ್ಟ. (ಅವರಿಗೆ 2015ರಲ್ಲಿ ನೊಬೆಲ್ ಬಂತು.) ಪ್ರಶ್ನಾವಳಿಯಲ್ಲಿ ಬದಲಾಗದೆ ಉಳಿದದ್ದು ಏನು ಎಂದು ಅವರು ಹುಡುಕಿದರು. ಸೌದೆ, ಸೀಮೆಎಣ್ಣೆ, ಕರೆಂಟಿನಂಥ ಇಂಧನದ ಖರ್ಚು, ಆಸ್ಪತ್ರೆಗೆ ಸೇರದೆ ಮಾಡಿದ ಔಷಧಿ ಖರ್ಚು, ಇತರೆ ಸಣ್ಣಪುಟ್ಟ ಖರ್ಚುಗಳು. ಇವಕ್ಕೆ 1993-94ರಲ್ಲೂ ಮೂವತ್ತು ದಿನ, 1999-2000ದಲ್ಲೂ ಮೂವತ್ತೇ ದಿನ. ಒಟ್ಟು ಖರ್ಚಿನಲ್ಲಿ ಇವುಗಳ ಪಾಲು ಐದರಲ್ಲಿ ಒಂದು ಭಾಗಕ್ಕಿಂತ ಜಾಸ್ತಿ. ಒಟ್ಟು ಖರ್ಚು ಏರಿದಂತೆ ಇವೂ ಏರುತ್ತವೆ. ಹಾಗಾದರೆ 1993-94ರ ಮನೆಗಳನ್ನು ನೋಡಿ, ಈ ಬಾಬ್ತುಗಳಿಗೆ ಇಷ್ಟಿಷ್ಟು ಖರ್ಚು ಮಾಡುವವರಲ್ಲಿ ಎಷ್ಟು ಪಾಲು ಬಡವರು ಎಂದು ಕಲಿತುಕೊಳ್ಳಿ. ಅದನ್ನೇ 1999-2000ದ ಮನೆಗಳ ಮೇಲಿಟ್ಟು ಬಡತನವನ್ನು ಊಹಿಸಿ. ಕೆಟ್ಟುಹೋದ ಆಹಾರದ ಕಾಲಂಗಳನ್ನು ಮುಟ್ಟಲೇಬೇಡಿ.

ಹೀಗೆ ಮಾಡಿದಾಗ ಹಳ್ಳಿಗಳ ಬಡತನ ಶೇ 30.2 ಬಂತು. ಅಧಿಕೃತ ಅಂಕಿ ಶೇ 27.1. ಪಟ್ಟಣಗಳಲ್ಲಿ ಶೇ 24.7, ಅಧಿಕೃತವಾಗಿ 23.6. ಅಂದರೆ ಬಡತನ ಇಳಿದಿದ್ದು ನಿಜ, ಆದರೆ ಹೇಳಿದಷ್ಟು ಅಲ್ಲ. ಇದನ್ನೂ ಎಲ್ಲರೂ ಒಪ್ಪಲಿಲ್ಲ. ಅರ್ಥಶಾಸ್ತ್ರಜ್ಞರಲ್ಲಿ ಸುಂದರಂ ಮತ್ತು ತೆಂಡೂಲ್ಕರ್ ಒಂದು ದಾರಿ ಹಿಡಿದರು, ಅಭಿಜಿತ್ ಸೇನ್ ಮತ್ತು ಹಿಮಾಂಶು ಇನ್ನೊಂದು. ಡೀಟನ್ ವಿಧಾನ ಎರಡು ನಂಬಿಕೆಗಳ ಮೇಲೆ ನಿಂತಿದೆ. ಆರು ವರ್ಷದಲ್ಲಿ ಇಂಧನದ ಖರ್ಚಿಗೂ ಬಡತನಕ್ಕೂ ಇರುವ ನಂಟು ಬದಲಾಗಿಲ್ಲ ಎಂಬುದು ಒಂದು. ಪಕ್ಕದ ಪ್ರಶ್ನೆಗಳು ಬದಲಾದರೂ ಇಂಧನದ ಉತ್ತರ ಅಲ್ಲಾಡಿಲ್ಲ ಎಂಬುದು ಇನ್ನೊಂದು. ಹಳ್ಳಿಗೆ ಕರೆಂಟು ಬಂದರೆ ಮೊದಲನೆಯದು ಸಡಿಲವಾಗಬಹುದು, ಅಲ್ವಾ?

ಇದೇ ಆಟ ಇಪ್ಪತ್ತು ವರ್ಷದ ಮೇಲೆ ಇನ್ನೂ ದೊಡ್ಡದಾಗಿ ನಡೆಯಿತು. 2011-12ರ ಸರ್ವೆಯ ನಂತರ 2017-18ರಲ್ಲಿ ಇನ್ನೊಂದು ನಡೆದರೂ, ದತ್ತಾಂಶದ ಗುಣಮಟ್ಟ ಸರಿಯಿಲ್ಲವೆಂದು ಸರಕಾರ 2019ರಲ್ಲಿ ಅದನ್ನು ಪಕ್ಕಕ್ಕಿಟ್ಟಿತು. ಹತ್ತು ವರ್ಷ ಬಡತನದ ಅಂಕಿಯೇ ಇಲ್ಲ. ಆ ಖಾಲಿ ಜಾಗ ತುಂಬಿದ್ದೇ ಊಹೆಗಳು. ವಿಶ್ವ ಬ್ಯಾಂಕಿನ ಸುತೀರ್ಥ ಸಿನ್ಹಾ ರಾಯ್ ಮತ್ತು ರಾಯ್ ವಾನ್ ಡರ್ ವೈಡ್ 2022ರಲ್ಲಿ ಸಿಎಂಐಇ ಎಂಬ ಖಾಸಗಿ ಸಂಸ್ಥೆಯ ಮನೆ ಸರ್ವೆಯನ್ನು ತೆಗೆದುಕೊಂಡರು. ಅದರ ಸ್ಯಾಂಪಲ್‌ನ ಓರೆಕೋರೆಗೆ ಹೊಂದಿಕೆ ಮಾಡಿ, ಎನ್‌ಎಸ್‌ಎಸ್ ಕೇಳಿದ್ದರೆ ಎಷ್ಟು ಖರ್ಚು ಬರುತ್ತಿತ್ತು ಎಂದು ಊಹಿಸಿದರು. ದಿನಕ್ಕೆ 1.90 ಡಾಲರ್ ರೇಖೆಯಲ್ಲಿ 2019ರ ಬಡತನ ಶೇ 10.2 ಎಂದು ಬಂತು. ಅದೇ ಹೊತ್ತಿಗೆ ಸುರ್ಜಿತ್ ಭಲ್ಲಾ, ಕರಣ್ ಭಾಸಿನ್, ಅರವಿಂದ ವಿರ್ಮಾನಿ ಐಎಂಎಫ್‌ನ ಒಂದು ಪ್ರಬಂಧದಲ್ಲಿ ಸರ್ವೆಯನ್ನು ರಾಷ್ಟ್ರೀಯ ಆದಾಯ-ಖರ್ಚಿನ ಲೆಕ್ಕದ ಬೆಳವಣಿಗೆಯ ದರದಲ್ಲಿ ಮುಂದಕ್ಕೆ ಒಯ್ದರು. ರೇಷನ್ ಧಾನ್ಯದ ಬೆಲೆಯನ್ನೂ ಸೇರಿಸಿದರು. ಅದೇ ರೇಖೆ, ಅದೇ ವರ್ಷ. ಬಡತನ ಶೇ 1ಕ್ಕಿಂತ ಕಡಿಮೆ! ಈ ಇಬ್ಬರ ನಡುವಿನ ಅಂತರದಲ್ಲಿ ಸ್ಯಾಂಪಲ್ ಗಾತ್ರದ್ದು ಏನೂ ಇಲ್ಲ ಎನ್ನಬಹುದು. ಯಾವ ಅಳತೆಯನ್ನು ನಂಬುತ್ತೀರಿ, ಏನನ್ನು ಸೇರಿಸುತ್ತೀರಿ ಎಂಬುದೇ ಎಲ್ಲ.

ಕೊನೆಗೆ 2022ರ ಆಗಸ್ಟ್‌ನಿಂದ 2023ರ ಜುಲೈವರೆಗೆ ಹೊಸ ಸರ್ವೆ ನಡೆಯಿತು. 2,61,746 ಮನೆಗಳು. ಹಾಳೆಯ ಬದಲು ಟ್ಯಾಬ್ಲೆಟ್. 400ಕ್ಕೂ ಜಾಸ್ತಿ ಬಾಬ್ತುಗಳನ್ನು ಒಂದೇ ಸಲ ಕೂತು ಕೇಳಿದರೆ ಯಾರಿಗಾದರೂ ಸಾಕಾಗಿ "ಬರ್ಕೊಳ್ಳಿ ಏನಾದ್ರೂ" ಅನ್ನಿಸುತ್ತದೆ. ಅದಕ್ಕೆ ಪ್ರಶ್ನೆಗಳನ್ನು ಮೂರು ಭಾಗ ಮಾಡಿ, ಮೂರು ತಿಂಗಳಲ್ಲಿ ಮೂರು ಸಲ ಹೋದರು. ತರಕಾರಿ, ಹಣ್ಣು, ಮೊಟ್ಟೆ, ಮೀನು, ಮಾಂಸ, ಅಡುಗೆ ಎಣ್ಣೆಗೆ ಏಳು ದಿನ. ಅಕ್ಕಿ, ರಾಗಿ, ಬೇಳೆಗೆ ಮೂವತ್ತು ದಿನ. ಬಟ್ಟೆಬರೆಗೆ ವರ್ಷ. ಹಳ್ಳಿಯಲ್ಲಿ ತಲಾ ತಿಂಗಳ ಖರ್ಚು 3,773 ರೂಪಾಯಿ ಬಂತು, ಪಟ್ಟಣದಲ್ಲಿ 6,459. 2011-12ರಲ್ಲಿ ಅವು 1,430 ಮತ್ತು 2,630. ನೆನಪಿನ ಅವಧಿಗಳು ಎರಡರಲ್ಲೂ ಒಂದೇ. ಆದರೆ ಒಂದು ಭೇಟಿ ಮೂರಾಗಿದೆ, ಹಾಳೆ ಟ್ಯಾಬ್ಲೆಟ್ ಆಗಿದೆ. ಏರಿಕೆಯಲ್ಲಿ ಬೆಲೆಯ ಪಾಲನ್ನು ಕಳೆದ ಮೇಲೂ ವಿಧಾನದ ಪಾಲು ಎಷ್ಟು ಎಂಬ ಪ್ರಶ್ನೆ ಉಳಿಯುತ್ತದೆ. ಈ ಸಲ ಎರಡೂ ವಿಧಾನವನ್ನು ಚೀಟಿ ಎತ್ತಿ ಹೋಲಿಸುವ 1990ರ ದಶಕದಂಥ ಪ್ರಯೋಗವೂ ಜೊತೆಗೆ ನಡೆದಿದ್ದರೆ ಚೆನ್ನಾಗಿತ್ತು ಅನಿಸುತ್ತದೆ.

ಇದರ ಬೆನ್ನಿಗೇ 2023-24ರಲ್ಲಿ ಅದೇ ಪ್ರಶ್ನಾವಳಿ, ಅದೇ ಮೂರು ಭೇಟಿ ಮತ್ತೆ ನಡೆಯಿತು. ಹಳ್ಳಿಯಲ್ಲಿ 4,122, ಪಟ್ಟಣದಲ್ಲಿ 6,996. ವರ್ಷಕ್ಕೆ ಶೇ 9 ಮತ್ತು ಶೇ 8ರಷ್ಟು ಏರಿಕೆ, ಬೆಲೆ ಏರಿಕೆಯೂ ಸೇರಿ. ಈ ಸಲ ಅಮ್ಮನಂಥವರು ಬೋಂಡದ ವಾರವನ್ನು ನೆನೆದು ಎಷ್ಟು ಜಾಸ್ತಿ ಹೇಳಿದ್ದರೂ, ಹಿಂದಿನ ವರ್ಷವೂ ಹೆಚ್ಚುಕಮ್ಮಿ ಅಷ್ಟೇ ಜಾಸ್ತಿ ಹೇಳಿದ್ದರು.